ಹಿರಿಮಗನಿಗಾಗಿ ಕಾದ ಮಿದುಳು

ಕೈಬರಹ ಕೋಳಿ ಕೆದರಿದ ಹಾಗಿದೆ, ಮಾತುಗಳ ಜೋಡಣೆಯೂ ಅಷ್ಟಕ್ಕಷ್ಟೆ, ಓದುವವರು ಮನ್ನಿಸಬೇಕು. ತಿದ್ದಿ ತಿದ್ದಿ ಬರೆದ ಇದು ಕೊಟ್ಟೂರಿನ ಶೈಲಾಳ ಸಂಗತಿ.

ಗಂಡ ತೀರಿದ ಮೇಲೆ ಶೈಲಾ ಮಗಳು ಸುಕನ್ಯಾಳೊಂದಿಗೆ ತವರಿಗೆ ಬಂದು ಅಪ್ಪನ ಹಿಟ್ಟಿನ ಗಿರಣಿ ನಡೆಸತೊಡಗಿದಳು. ಅಪ್ಪ ಗುರುಬಸವರಾಜ ಹರೆಯದಲ್ಲಿ ವಿಪರೀತ ಕುಡಿದು, ಆಮೇಲೆ ಹಟ ಹಿಡಿದು ಬಿಟ್ಟವನು. ಮುಪ್ಪಿನಲ್ಲಿ ನಡುಗುವ ರೋಗ ಬಂತು. ಚೀಲದ ಬಾಯಿ ಕಟ್ಟಲು ಹೋದರೆ ದಾರ ಒಂದು ಕಡೆ, ಕೈ ಒಂದು ಕಡೆ. ಅಪ್ಪ ಬಿಟ್ಟ ಕುಡಿತವನ್ನು ಅಣ್ಣ ಅರುಣಕುಮಾರ್ ಹಿಡಿದುಕೊಂಡ. ಅವನಿಂದ ಮನೆಗಾದ ಉಪಕಾರ ಒಂದೇ: ಕುಡಿದಾಗ ಮನೆಗೆ ಬರುತ್ತಿರಲಿಲ್ಲ.

ಮಿದುಳಿನ ಸಂಶೋಧನಾ ಕೇಂದ್ರವೊಂದರಿಂದ ಚಿಗಟೇರಿಯ ರೋಜಾ ಎಂಬ ಹುಡುಗಿ ರೋಗಿಗಳನ್ನು ಕಾಣಲು ಬರುತ್ತಿದ್ದಳು. ಸತ್ತ ಮೇಲೆ ಮಿದುಳು ಕೊಡುತ್ತೀರಾ ಎಂದು ಅವಳು ಕೇಳಿದಾಗ ಅಪ್ಪನಿಗೆ ನಗು ಬಂತು.

"ಸತ್ತವನ ಮಿದುಳಿನ್ಯಾಗ ಏನ್ ನೋಡ್ತೀಯವ್ವಾ?"

"ಊರಾಗ ಎಲ್ಲಾ ಮನಿಗೂ ಕರೆಂಟ್ ಐತಿ ಅಜ್ಜಾರ. ಯಾವ ಮನ್ಯಾಗ ಯಾವ ಬಲ್ಬು ಉರಿತೈತಿ ಅನ್ನೋದು ಬ್ಯಾರೆ. ಜೀವಕೋಶದಾಗ ಜೀನೂ ಹಂಗ. ಕುಡಿತಕ್ಕ ಯಾವು ಆರಿದ್ವು, ರೋಗಕ್ಕ ಯಾವು ಹೊತ್ತಿದ್ವು ಅಂತ ನೋಡ್ತೀವಿ. ನಿಮ್ಮಲ್ಲಿ ಎರಡೂ ಗುರುತು ಸಿಗಬಹುದು. ಆದ್ರ ಸತ್ತ ಮ್ಯಾಲ ಬೇಗ ಅಳಿಸಿಹೋಗ್ತಾವ. ಕೆಲವೇ ತಾಸಿನಾಗ ತೆಗೀಬೇಕು."

"ತಗೊಳ್ರಿ. ನನ್ನ ತಲಿ ನನಗಂತೂ ಉಪಯೋಗಕ್ಕ ಬರಲಿಲ್ಲ." ಆಮೇಲೆ ಶೈಲಾಳ ಕಡೆ ತಿರುಗಿ, "ತಡ ಮಾಡಬ್ಯಾಡ ಮತ್ತ," ಎಂದ.

ಒಂದು ಬೆಳಗಿನ ಜಾವ ಅಪ್ಪ ತೀರಿಕೊಂಡ. ಶೈಲಾ ಫೋನು ಮಾಡಿದ್ದೇ ತಡ, ರೋಜಾ ಐಸ್ ಪೆಟ್ಟಿಗೆಯ ಗಾಡಿಯೊಂದಿಗೆ ಬಾಗಿಲಲ್ಲಿದ್ದಳು. ಅಷ್ಟರಲ್ಲಿ ಸೋದರತ್ತೆ ಮರುಳಸಿದ್ದಮ್ಮ ಪದ್ಧತಿಯಂತೆ ಹೆಣದ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಬಟ್ಟೆಯಿಂದ ಬಿಗಿದಿದ್ದಳು.

"ಹಿರಿಮಗ ಬಂದು ವಿಭೂತಿ ಹಚ್ಚೂಮಟ ಯಾರೂ ಮುಟ್ಟಂಗಿಲ್ಲ," ಎಂದಳು ಅತ್ತೆ.

ರೋಜಾ ಶೈಲಾಳ ಕಿವಿಯಲ್ಲಿ, "ಅಕ್ಕಾ, ನೀವು ಮಗಳು. ನೀವು ಹೂಂ ಅಂದ್ರ ಸಾಕು," ಎಂದಳು. ಶೈಲಾ ಸುತ್ತ ಕೂತ ನೆಂಟರನ್ನು ನೋಡಿದಳು. ವರ್ಷಕ್ಕೊಮ್ಮೆಯೂ ಅಪ್ಪನನ್ನು ವಿಚಾರಿಸದವರು ಆಗ ಪದ್ಧತಿಗೆ ಕಾವಲು ಕೂತಿದ್ದರು. ಹೂಂ ಅನ್ನದೆ, ಅಣ್ಣನನ್ನು ಹುಡುಕಲು ಇಬ್ಬರನ್ನು ಕಳಿಸಿದಳು.

ಹಿರಿಮಗ ಹಗರಿಬೊಮ್ಮನಹಳ್ಳಿಯ ಬಾರೊಂದರ ಹಿಂದೆ ಸಿಕ್ಕ. ಹೊತ್ತು ಇಳಿಯುವಾಗ ಆಟೋದಿಂದ ಇಬ್ಬರು ಇಳಿಸಿಕೊಂಡರು. ನೆಂಟರು ಸ್ವಾಮಿಗಳಿಗೆ ಬಿಡುವಂತೆ ದಾರಿ ಬಿಟ್ಟರು.

"ನಮ್ಮಪ್ಪನ ತಲಿ ಕೊಯ್ಯಾಕ ಬಂದೀರೇನು?" ಎಂದು ರೋಜಾಳ ಮೇಲೆ ಏರಿ ಹೋದ. "ನಾ ಇನ್ನಾ ಅದೀನಿ."

"ನೀ ಅದಿ ಅಂತ ತಿಳಿಯಾಕ ಅಪ್ಪ ಸಾಯಬೇಕಾತು ನೋಡಣ್ಣ," ಎಂದಳು ಶೈಲಾ.

ಅವನು ವಿಭೂತಿ ಹಚ್ಚಲು ಹೋದ. ಅದು ಹಣೆ ಬಿಟ್ಟು ಅಪ್ಪನ ಮೀಸೆಗೆ ಹತ್ತಿತು.

"ದುಃಖಕ್ಕ ಕೈ ನಡುಗತೈತಿ, ಪಾಪ," ಎಂದಳು ಅತ್ತೆ.

"ದುಃಖಕ್ಕಲ್ಲ ಅತ್ತೀ. ಇನ್ನೊಂದು ಕ್ವಾರ್ಟರ್ ಬೇಕಾಗೈತಿ," ಎಂದಳು ಶೈಲಾ.

ರೋಜಾ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಹೊತ್ತು ಮೀರಿತಕ್ಕಾ. ಈಗ ತೆಗೆದ್ರೂ ಓದಾಕ ಏನೂ ಉಳಿದಿರಂಗಿಲ್ಲ." ಗಾಡಿ ಖಾಲಿ ಹೋಯಿತು.

ಹೆಣ ಎತ್ತಿ ಹೊರಡುವ ಹೊತ್ತಿಗೆ ಅರುಣಕುಮಾರ್ ಅಪ್ಪನ ಪಕ್ಕದಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದ. ಅಪ್ಪ ನೆಟ್ಟಗೆ ಕೂತಿದ್ದ, ಮಗನ ತಲೆ ವಾಲಿ ಜೊಲ್ಲು ಸುರಿಯುತ್ತಿತ್ತು. ಹೊಸಬರು ಬಂದಿದ್ದರೆ ಯಾರನ್ನು ಒಯ್ಯಬೇಕೆಂದು ಕೇಳಬೇಕಿತ್ತು.

ಮಣ್ಣು ಮಾಡಿ ಬಂದ ಮೇಲೆ ಕಾಲೇಜು ಓದುವ ಸುಕನ್ಯಾ, "ಅವ್ವಾ, ಒಂದು ಹೂಂ ಅನ್ನಾಕ ಮಾಮಾ ಯಾಕ ಬೇಕಿತ್ತು?" ಎಂದಳು. ಅಣ್ಣ ಹೇಸಿಗೆ ಎಂಬುದು ಶೈಲಾಳಿಗೆ ಹೊಸದಲ್ಲ. ಆ ಹೇಸಿಗೆಗಾಗಿ ಬೆಳಗಿನಿಂದ ಬಾಯಿ ಮುಚ್ಚಿ ಕಾದವಳು ತಾನು ಎಂಬುದು ಹೊಸದು.

ಬರುವ ಸೋಮವಾರ ಅವಳು ಗಿರಣಿಗೆ ಬೀಗ ಹಾಕಿ, ಸುಕನ್ಯಾಳನ್ನು ಕರೆದುಕೊಂಡು ಕೇಂದ್ರಕ್ಕೆ ಹೋಗುತ್ತಾಳೆ. ತನ್ನ ಮಿದುಳನ್ನು ಬರೆದುಕೊಡುತ್ತಾಳೆ. ತಾನು ಸತ್ತ ದಿನ ಸುಕನ್ಯಾಳನ್ನು ಬಿಟ್ಟು ಬೇರೆ ಯಾರನ್ನೂ ಕೇಳಬೇಡಿ, ಯಾರಿಗೂ ಕಾಯಬೇಡಿ ಎಂದು ಹೇಳಿ ಬರುತ್ತಾಳೆ.