ದವಡೆಗಳ ಗುಡ್ಡ, ಗಿಡ್ಡ ರೈಲು

ಎದುರುಮನೆಯ ಮಾಳಿಗೆ ದಾಟಿ ಬಿಸಿಲು ಈ ಜಗಲಿಗೆ ಇಳಿಯಲು ಇನ್ನೂ ತುಸು ಹೊತ್ತಿದೆ. ಹಲ್ಲಣ್ಣ ಆಗಲೇ ಮುಖ ತೊಳೆದು, ಕನ್ನಡಕ ಒರೆಸಿ, ಅಂಗೈ ಮೇಲೆ ಒಂದು ಮನೆ ಇಟ್ಟುಕೊಂಡು ನಿಂತಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡ ಮನೆ. ಕೆಂಪು ಹೆಂಚು, ಸುಣ್ಣದ ಗೋಡೆ, ಕಿರುಬೆರಳಿನ ಉಗುರಿನಷ್ಟು ಬಾಗಿಲು. ಜೋರಾಗಿ ಉಸಿರು ಬಿಟ್ಟರೆ ಎಲ್ಲಿ ಹಾರಿಹೋದೀತೋ ಎಂಬಂತೆ ಬಾಯಿ ಬಿಗಿಹಿಡಿದಿದ್ದಾರೆ. ಎಡ ಮುಂಗೈಗೆ ಒಂದು ಕೆಂಪು ದಾರ ಕಟ್ಟಿದೆ. ಅದರ ಕತೆ ಮುಂದೆ ಬರುತ್ತದೆ.

ಒಳಗಿನಿಂದ ಗೋಡೆ ಸವರಿಕೊಂಡು ಅವರ ಅಕ್ಕ ಬರುತ್ತಾರೆ. ಕುರ್ಚಿಯ ಬೆನ್ನು ಕೈಗೆ ಸಿಕ್ಕಿದ ಮೇಲೆ ಕೂರುತ್ತಾರೆ. ಎಳೆಬಿಸಿಲು ಅಡ್ಡಲಾಗಿ ಬಂದು ಮಡಿಲಿಗೆ ಬಿದ್ದದ್ದೇ ತಡ, ಪುಟ್ಟ ಮನೆ ಆ ಬೆಳಕಿಗೆ ಇಳಿಯುತ್ತದೆ. ಅಕ್ಕ ಅದನ್ನು ಮೂಗಿನ ತನಕ ತಂದು, ಹೊರಳಿಸಿ ಹೊರಳಿಸಿ ನೋಡುತ್ತಾರೆ.

“ಏನೋ ಇದು, ಸೇತುವೆ ಕಾವಲುಗಾರನ ಮನೆನಾ? ಇಷ್ಟೊಂದು ಬೆಳ್ಳಗೆ? ಆ ಮನುಷ್ಯ ಸುಣ್ಣ ಹೊಡೆದಿದ್ದನ್ನ ನಾನಂತೂ ನೋಡ್ಲಿಲ್ಲಪ್ಪ.”

“ಹಳದಿ ಮಾಡ್ಲಾ?”

“ಹಳದಿ ಅಲ್ಲ ಕಣೋ. ಬೀಡಿ ಸೇದೋರ ಹಲ್ಲಿರುತ್ತಲ್ಲ, ಆ ಬಣ್ಣ.”

ಹಲ್ಲಣ್ಣನ ಮುಖ ಅರಳುತ್ತದೆ. ಆ ಬಣ್ಣ ಅವರಿಗೆ ಬಾಯಿಪಾಠ.

ಹೊಟ್ಟೆಪಾಡಿಗೆ ಅವರು ಮಾಡುವುದು ಕಟ್ಟುಹಲ್ಲು. ಮನೆಗೆ ತಾಗಿದ ಸೈಕಲ್ ಅಂಗಡಿಯ ಮೇಲಿನ ಕೋಣೆಯೇ ಕಾರ್ಖಾನೆ. ಹಲ್ಲಿನ ಡಾಕ್ಟರುಗಳು ತಮ್ಮ ಕುರ್ಚಿಯಲ್ಲಿ ಕೂತವರ ಬಾಯಿಯ ಅಚ್ಚು ತೆಗೆದು, ಮೇಲೊಂದು ಚೀಟಿ ಅಂಟಿಸಿ, ಡಬ್ಬಿಯಲ್ಲಿ ಕಳಿಸುತ್ತಾರೆ. ಹಲ್ಲಣ್ಣ ಅಚ್ಚಿಗೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸುತ್ತಾರೆ, ಮೇಣದಲ್ಲಿ ವಸಡು ಕಟ್ಟುತ್ತಾರೆ, ಒಂದೊಂದೇ ಹಲ್ಲು ಕೂರಿಸುತ್ತಾರೆ. ದಿನಕ್ಕೆ ನಾಲ್ಕೈದು ಬಾಯಿ ಇವರ ಕೈಯಲ್ಲಿ ಹಾದುಹೋಗುತ್ತವೆ. ಬಾಯಿಯ ಒಡೆಯರು ಮಾತ್ರ ಒಬ್ಬರೂ ಈ ಮೆಟ್ಟಿಲು ಹತ್ತಿದವರಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಯಾರಾದರೂ ಮನಸಾರೆ ನಕ್ಕಾಗ ಹಲ್ಲಣ್ಣ ಓರೆಗಣ್ಣಲ್ಲಿ ನೋಡಿ, ತಮ್ಮ ಕೆಲಸ ಗುರುತು ಹಿಡಿದು, ಸುಮ್ಮನಾಗುತ್ತಾರೆ.

“ಕಟ್ಟುಹಲ್ಲು ಅಂತ ಗೊತ್ತಾಯ್ತೋ, ನನ್ನ ಕೆಲಸ ಕೆಟ್ಟಿತು ಅಂತ ಅರ್ಥ. ಯಾರ ಕಣ್ಣಿಗೂ ಬೀಳ್ಬಾರ್ದು. ಹಾಗೆ ಮಾಡೋದೇ ಈ ಕಸುಬು,” ಎನ್ನುತ್ತಾರೆ.

ಹಲ್ಲಿನ ಮೇಜಿನ ಹಿಂದೆ, ಗೋಡೆಯಿಂದ ಗೋಡೆಗೆ ಹಾಸಿದ ಹಲಗೆಯ ಮೇಲೆ ಇನ್ನೊಂದು ಲೋಕವಿದೆ. ಈ ಊರಿನಲ್ಲಿ ಒಂದು ಕಾಲಕ್ಕೆ ಕಿರಿದಾದ ಹಳಿಗಳ ಮೇಲೆ ಪುಟ್ಟ ರೈಲೊಂದು ಓಡುತ್ತಿತ್ತು. ಮರದ ದಿಮ್ಮಿ ಸಾಗಿಸಲು ಹಾಕಿದ ಹಳಿಗೆ ಆಮೇಲೆ ಜನರ ಡಬ್ಬಿಗಳೂ ಬಂದವು. ಜನ ಅದನ್ನು ಗಿಡ್ಡ ರೈಲು ಎಂದು ಕರೆದರು. ರಸ್ತೆ ಅಗಲವಾಯಿತು, ಬಸ್ಸು ಬಂತು, ಹಳಿ ಕಿತ್ತರು. ಸ್ಟೇಷನ್ ಇದ್ದ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಅಕ್ಕ, ತಮ್ಮ ಇಬ್ಬರೂ ಹುಟ್ಟಿದ್ದು ಆ ಸ್ಟೇಷನ್ನಿನ ಎದುರಿನ ಗೇಟುಮನೆಯಲ್ಲಿ. ಅಪ್ಪ ಗೇಟು ಕಾಯುತ್ತಿದ್ದರು. ಹಳಿ ಕೀಳುವಾಗ ಅಕ್ಕ ಲಂಗ ಎತ್ತಿ ಕಟ್ಟಿ ಓಡಾಡುವ ಹುಡುಗಿ. ಹಲ್ಲಣ್ಣ ಅವರ ಸೊಂಟದ ಮೇಲಿನ ಕೂಸು. ಹಾಗಾಗಿ ಅವರು ಕಟ್ಟುತ್ತಿರುವುದು ತಮ್ಮ ನೆನಪನ್ನಲ್ಲ, ಅಕ್ಕನ ನೆನಪನ್ನು. ಸ್ಟೇಷನ್ನಿನ ಫೋಟೋ ಎಂದು ಒಂದೂ ಮನೆಯಲ್ಲಿ ಉಳಿದಿಲ್ಲ.

ಹಲ್ಲಣ್ಣನ ಹೆಂಡತಿ ಕೇಳಿದವರಿಗೆಲ್ಲ ಇದನ್ನೇ ಬೇರೆ ಥರ ಹೇಳುತ್ತಾರೆ: “ನೋಡಿದೋರಿಗೆ ಕಣ್ಣು ಕಾಣಲ್ಲ, ಕಣ್ಣು ಕಾಣೋರು ನೋಡಿಲ್ಲ. ಇಂಥ ಇಬ್ಬರು ಸೇರ್ಕೊಂಡು ಸ್ಟೇಷನ್ ಕಟ್ತಿದ್ದಾರೆ, ಏನ್ ಹೇಳ್ಲಿ!”

ಹೇಳುವುದು ಹಾಗೆ, ಮರದ ಪುಡಿ ಜರಡಿ ಹಿಡಿದು, ಒಣಗಿದ ಚಹಾ ಚರಟಕ್ಕೆ ಬಣ್ಣ ಬೆರೆಸಿ ಹುಲ್ಲು ಮಾಡಿಕೊಡುವವರೂ ಅವರೇ. ವಸಡಿಗೆ ಬಳಸುವ ಗುಲಾಬಿ ಪುಡಿಗೆ ಕಂದು ಸೇರಿಸಿದರೆ ಹೆಂಚಾಗುತ್ತದೆ. ಹಲ್ಲು ಬಿಗಿಯುವ ತಂತಿ ಸಿಗ್ನಲ್ಲಿನ ತಂತಿಯಾಗಿದೆ. ಹಲ್ಲಿಗೆ ಹೊಳಪು ಕೊಡುವ ಯಂತ್ರದಿಂದ ಕಳಚಿದ ಚಿಕ್ಕ ಮೋಟಾರು ಎಂಜಿನ್ನಿನ ಹೊಟ್ಟೆ ಸೇರಿದೆ. ಸ್ಟೇಷನ್ನಿನ ಹಿಂದಿನ ಗುಡ್ಡ ಮಾತ್ರ ಯಾರಿಗೂ ಹೇಳಬಾರದ ಗುಟ್ಟು. ಕೆಲಸ ಮುಗಿದು ಬಿಸಾಡಬೇಕಿದ್ದ ಪ್ಲಾಸ್ಟರ್ ದವಡೆಗಳನ್ನೆಲ್ಲ ಕವುಚಿ ಹಾಕಿ, ಮೇಲೆ ಮಣ್ಣು ಬಳಿದು, ಹುಲ್ಲು ಅಂಟಿಸಿದ್ದಾರೆ. ಅರ್ಧ ಊರಿನ ದವಡೆ ಅದರೊಳಗಿದೆ.

ಬೆಳಗಿನ ಹೊತ್ತಿಗೇ ಯಾಕೆ ಇಷ್ಟು ಧಾವಂತ? ಅಕ್ಕನ ನೋಟ ಮಸುಕಾಗುತ್ತ ಬಂದು ವರ್ಷಗಳಾದವು. ಎಳೆಬಿಸಿಲು ಓರೆಯಾಗಿ ಬೀಳುವ ಆ ಸ್ವಲ್ಪ ಹೊತ್ತು ಮಾತ್ರ ಅವರಿಗೆ ಅಂಚು, ಬಣ್ಣ, ನೆರಳು ಬೇರೆ ಬೇರೆಯಾಗಿ ಕಾಣುತ್ತವೆ. ಹೊತ್ತೇರಿದರೆ ಎಲ್ಲವೂ ಹಾಲು ಚೆಲ್ಲಿದ ಹಾಗೆ. ಇರುವಷ್ಟು ನೋಟ ಮಳೆಗಾಲ ದಾಟಿದರೆ ದೊಡ್ಡದು ಎಂದು ಕಣ್ಣಿನ ಡಾಕ್ಟರು ಕಳೆದ ಬೇಸಿಗೆಯಲ್ಲಿ ಹೇಳಿದರು. ಅವತ್ತು ಮನೆಗೆ ಬರುವ ದಾರಿಯಲ್ಲಿ ಅಕ್ಕ ಅತ್ತವರಲ್ಲ. “ಅಪ್ಪ ಗೇಟಲ್ಲಿ ಬಾವುಟ ಹಿಡ್ಕೊಂಡು ನಿಂತಿರೋದು, ರೈಲು ಬರೋದು, ಅದೊಂದು ಇನ್ನೊಂದ್ಸಲ ಕಂಡಿದ್ರೆ ಸಾಕಾಗಿತ್ತು ನೋಡು,” ಎಂದರಂತೆ, ತರಕಾರಿ ರೇಟು ಹೇಳಿದಷ್ಟೇ ಸಲೀಸಾಗಿ. ಎಷ್ಟೋ ವರ್ಷದಿಂದ ಬಿಡುವಾದಾಗಲೆಲ್ಲ ಕುಟ್ಟುತ್ತಿದ್ದ ರೈಲಿಗೆ ಅವತ್ತಿನಿಂದ ಗಡುವು ಬಂತು.

ಒಂದೊಂದೇ ಕಟ್ಟಡ ಮಾಡಿ, ಜಗಲಿಗೆ ತಂದು, ಅಕ್ಕನಿಂದ ಸೈ ಅನ್ನಿಸಿಕೊಂಡು ಹಲಗೆಯ ಮೇಲೆ ಕೂರಿಸುತ್ತ ಹೋದರು. ಸ್ಟೇಷನ್, ಗೋಡೌನು, ನೀರಿನ ಟ್ಯಾಂಕು, ಗೇಟುಮನೆ. ಎಲ್ಲವೂ ಒಪ್ಪಿಗೆಯಾದವೇ. ಒಂದು ಮುಂಜಾನೆ ಅಕ್ಕನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ, ಪೂರ್ವದ ಕಿಟಕಿಯ ಪಕ್ಕ, ಗೇಟುಮನೆಯ ಮಗ್ಗುಲಲ್ಲಿ ಕೂರಿಸಿದರು. ಬಿಸಿಲು ಬಂತು. ಅಕ್ಕ ಬಗ್ಗಿದರು. ಅವರ ಎಡಗೈ ತಾನಾಗಿ ಚಾಚಿಕೊಂಡು, ಏನನ್ನೋ ಮುಟ್ಟಿ, ನಿಂತುಬಿಟ್ಟಿತು.

“ಟ್ಯಾಂಕ್ ಎಲ್ಲಿ?”

“ಆ ಕಡೆ, ಬಲಕ್ಕಿದೆ ಅಕ್ಕಾ.”

“ಬಲಕ್ಕೆ ಗೋಡೌನ್ ಕಣೋ. ನಮ್ಮ ಗೇಟಲ್ಲಿ ನಿಂತು ಸ್ಟೇಷನ್ ನೋಡಿದ್ರೆ ಎಡಕ್ಕೆ ಟ್ಯಾಂಕು ಅಂತ ಎಷ್ಟು ಸಲ ಹೇಳಿದೀನಿ!”

ತಪ್ಪು ಎಲ್ಲಾಯಿತೆಂದು ಹಲ್ಲಣ್ಣನಿಗೆ ಆ ಕ್ಷಣವೇ ಹೊಳೆಯಿತು. ಹಲ್ಲಿನ ಡಾಕ್ಟರು ಚೀಟಿಯಲ್ಲಿ ಎಡ ಎಂದು ಬರೆದರೆ ಅದು ಬಾಯಿ ತೆರೆದು ಕೂತವರ ಎಡ. ಎದುರು ನಿಂತವರಿಗೆ ಅದು ಬಲಗೈ ಕಡೆ. ಈ ರೂಢಿ ಹಲ್ಲಣ್ಣನಿಗೆ ರಕ್ತಕ್ಕಿಳಿದಿದೆ. ಎದುರಿಗಿರುವ ಯಾವುದರದ್ದಾದರೂ ಎಡ ಎಂದರೆ ಸಾಕು, ಕೈ ಬಲಕ್ಕೆ ಹೋಗುತ್ತದೆ. ಅವರು ಸ್ಟೇಷನ್ನನ್ನೇ ಬಾಯಿ ತೆರೆದು ಕೂತ ರೋಗಿ ಮಾಡಿಬಿಟ್ಟಿದ್ದರು. ಟ್ಯಾಂಕು, ಗೋಡೌನು, ಹಳಿಯ ತಿರುವು, ಗುಡ್ಡ, ಇಡೀ ಸ್ಟೇಷನ್ ಅದಲು ಬದಲು. ರೈಲು ಕೂಡ ಬರಬೇಕಾದ ಕಡೆಯಿಂದ ಬರುವಂತಿಲ್ಲ.

“ಬಿಡೋ, ನಾನೇ ಆ ಕಡೆ ಹೋಗಿ ಕೂತ್ಕೋತೀನಿ,” ಎಂದರು ಅಕ್ಕ.

“ಆ ಕಡೆ ಕೂತ್ರೆ ಸ್ಟೇಷನ್ ಬೆನ್ನು ಕಾಣುತ್ತೆ. ಅಪ್ಪ ನಿಲ್ತಿದ್ದಿದ್ದು ಗೇಟಲ್ಲಿ, ಗುಡ್ಡದ ಮೇಲಲ್ಲ.”

“ಹಾಗಾದ್ರೆ ಹೀಗೇ ಇರ್ಲಿ. ಚೆನ್ನಾಗೇ ಇದೆಯಲ್ಲ.”

“ತಿರುಗಾಮುರುಗಾ ಕೂರಿಸಿದ ಹಲ್ಲಲ್ಲಿ ಅಗಿಯೋಕಾಗುತ್ತಾ ಅಕ್ಕಾ?”

ಅವತ್ತೇ ಗರಗಸ ಹಿಡಿದರು. ಪ್ಲಾಸ್ಟರ್ ಕಲ್ಲಾಗಿತ್ತು. ಗುಡ್ಡ ಬಿರುಕು ಬಿಟ್ಟು ದವಡೆಗಳು ಹಲ್ಲು ಕಿರಿಯುತ್ತ ನೆಲಕ್ಕೆ ಉರುಳಿದವು. ಸಪ್ಪೆ ಮುಖ ಮಾಡಿಕೊಂಡು ಪೊರಕೆ ಹಿಡಿದು ನಿಂತಿದ್ದ ಹೆಂಡತಿ ಒಂದನ್ನು ಎತ್ತಿ, ಅಡಿಯಲ್ಲಿ ಬರೆದಿದ್ದ ಹೆಸರು ಓದಿ, “ಅಯ್ಯೋ ರೀ, ನಮ್ಮ ಹೆಡ್‌ಮಾಸ್ಟ್ರು ಬಿದ್ರಲ್ರೀ!” ಎಂದಾಗ ಮೂವರಿಗೂ ನಗು ತಡೆಯಲಾಗಲಿಲ್ಲ. ಅಕ್ಕ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತರಿಸಿ ತಮ್ಮನ ಮುಂಗೈಗೆ ಕಟ್ಟಿದ್ದು ಆಗಲೇ. “ಇದು ಎಡ. ನಿಂದು ಎಡ, ನಂದೂ ಎಡ. ಇನ್ಮೇಲೆ ಯಾರ ಬಾಯೂ ಕೇಳ್ಬೇಡ,” ಎಂದರು.

ಆಮೇಲೆ ಹಗಲು ಹಲ್ಲು, ಮುಂಜಾನೆ ಸಂಜೆ ರೈಲು. ಎಲ್ಲವನ್ನೂ ಮೊದಲಿನ ಹಾಗೆ ಮಾಡುವಷ್ಟು ಹೊತ್ತಿರಲಿಲ್ಲ. ಮರಗಳನ್ನು ಬಿಟ್ಟರು, ಗುಡ್ಡಕ್ಕೆ ಹುಲ್ಲು ಹಾಕುವುದನ್ನು ಬಿಟ್ಟರು. ಟ್ಯಾಂಕು, ಹಳಿ, ಗೇಟು, ಗೇಟಿನಲ್ಲಿ ನಿಲ್ಲುವ ಅಪ್ಪ, ಇಷ್ಟನ್ನು ಮಾತ್ರ ಬಿಡಲಿಲ್ಲ. ಅಪ್ಪನ ಮೈಗೆ ಬಣ್ಣ ಹಚ್ಚಿದ್ದು ಹೆಂಡತಿ. “ಮಾವನ್ನ ನಾನು ನೋಡಿದ್ದೇ ಇಲ್ಲ, ಶರ್ಟು ಹಾಕಿಸ್ತಿದೀನಿ,” ಎಂದು ನಕ್ಕರು.

ಕೆಲಸ ಮುಗಿಯಿತು, ಮೋಡ ಕವಿಯಿತು. ದಿನವೂ ಅಕ್ಕ ಮೆಟ್ಟಿಲು ಹತ್ತಿ ಕೂರುವುದು, ಕಿಟಕಿ ಬೂದಿ ಬಣ್ಣದಲ್ಲೇ ಇರುವುದು, ಮತ್ತೆ ಇಳಿಯುವುದು. ಹಲ್ಲಣ್ಣನಿಗೆ ಮೋಡಕ್ಕಿಂತ ದೊಡ್ಡದೊಂದು ಚಿಂತೆಯಿತ್ತು. ಏನೂ ಕಾಣದಿದ್ದರೂ ಅಕ್ಕ, ಚೆನ್ನಾಗಿದೆ ಎಂದೇ ಅನ್ನುತ್ತಾರೆ. ತಮ್ಮನ ಮನಸ್ಸು ನೋಯಿಸದ ಜೀವ ಅದು.

ಕೊನೆಗೊಂದು ಬೆಳಿಗ್ಗೆ ಬಿಸಿಲು ಬಿತ್ತು. ಹಲ್ಲಣ್ಣ ಗುಂಡಿ ಒತ್ತಿದರು. ರೈಲು ಹೊರಟು, ತಿರುವಿನಲ್ಲಿ ನಿಂತೇಹೋಯಿತು. ಬಿಸಿಲು ಹಲಗೆಯ ಮೇಲೆ ಜರುಗುತ್ತಿದೆ, ಬೆವರಿದ ಬೆರಳು ಚಕ್ರದ ಕೆಳಗೆ ತಡಕುತ್ತಿದೆ. ಹಲ್ಲಿಗೆ ಹೊಳಪು ಕೊಡುವ ಬ್ರಷ್ಷಿನ ಕೂದಲೊಂದು ಸಿಕ್ಕಿಕೊಂಡಿತ್ತು.

“ಅವಸರ ಮಾಡ್ಬೇಡ್ವೋ,” ಎಂದರು ಅಕ್ಕ. “ನಮ್ಮ ರೈಲು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತು? ಅಪ್ಪ ಗೇಟ್ ಹಾಕ್ಬಿಟ್ಟು, ಗಾಡಿಯವರ ಹತ್ರ ಬೈಸ್ಕೊಂಡು ನಿಂತಿರ್ತಿದ್ದ. ಈಗ ಸರಿಯಾಯ್ತು ನೋಡು.”

ಕೂದಲು ಬಂತು. ರೈಲು ಟ್ಯಾಂಕಿನ ಮಗ್ಗುಲಿಂದ, ಎಡದಿಂದಲೇ, ತೆವಳಿಕೊಂಡು ಬಂದು ಅಪ್ಪನ ಹಸಿರು ಬಾವುಟದ ಮುಂದೆ ಹಾದುಹೋಯಿತು. ಅಕ್ಕ ಗಲ್ಲ ಹಲಗೆಗೆ ತಾಗುವಷ್ಟು ಬಗ್ಗಿದ್ದರು. ಆಮೇಲೆ ಬೆರಳು ತೋರಿಸಿದರು.

“ಟ್ಯಾಂಕ್ ಕೆಳಗೆ ಅದೇನೋ ಹಸಿರು?”

“ಪಾಚಿ.”

“ಪಾಚಿ ಇತ್ತು ಅಂತ ನಾನು ಹೇಳೇ ಇರ್ಲಿಲ್ವಲ್ಲೋ!”

“ಟ್ಯಾಂಕು ಸೋರ್ತಿತ್ತು ಅಂತ ನೀನೇ ಅಂದಿದ್ದೆ. ಸೋರೋ ಕಡೆ ಪಾಚಿ ಕಟ್ಟಲ್ವಾ ಅಂತ ಹಚ್ಚಿದೆ.”

“ಇತ್ತು ಕಣೋ. ನಾನು ಜಾರಿ ಬಿದ್ದಿದ್ದೆ ಅಲ್ಲಿ. ಮರೆತೇಹೋಗಿತ್ತು.”

ಹಲ್ಲಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ‘ಅದೇನೋ ಹಸಿರು’ ಎಂದದ್ದು ನೆನಪಿನಿಂದ ಹೇಳಿದ ಮಾತಲ್ಲ, ಕಣ್ಣಿನಿಂದ ಬಂದ ಮಾತು.

ಮಳೆಗಾಲ ಕಳೆದಿದೆ. ಅಕ್ಕನ ಬೆಳಗಿನ ಬೆಳಕು ಇನ್ನೂ ಉಳಿದಿದೆ. ಡಾಕ್ಟರು ಈ ಸಲ ಗಡುವು ಹೇಳಲಿಲ್ಲ. ಗುಡ್ಡಕ್ಕೆ ಹುಲ್ಲು ಬಂದಿದೆ, ಹೆಡ್‌ಮಾಸ್ಟರ ದವಡೆ ಮತ್ತೆ ಒಳಸೇರಿದೆ. ಹಳಿ ಈಗ ಸೇತುವೆಯ ಕಡೆ ಹೊರಟಿದೆ. ಅಕ್ಕ ಸೇತುವೆ ದಾಟುವುದನ್ನೂ ನೋಡಲಿ ಎಂಬುದಷ್ಟೇ ಹಲ್ಲಣ್ಣನ ಆಸೆ.

ಜಗಲಿಯ ಬಿಸಿಲು ಬೆಳ್ಳಗಾಗುತ್ತಿದೆ. ಅಕ್ಕ ಒಳಗೆ ಹೋದ ಮೇಲೆ ಹಲ್ಲಣ್ಣ ಕಾವಲುಗಾರನ ಮನೆಯನ್ನು ಅಂಗೈಗೆ ತೆಗೆದುಕೊಂಡು ಬಣ್ಣದ ಮೇಜಿನ ಕಡೆ ತಿರುಗುತ್ತಾರೆ. ಮೆಟ್ಟಿಲ ಬಳಿ ಒಮ್ಮೆ ನಿಂತು, ಹೇಳಲೋ ಬೇಡವೋ ಎಂಬಂತೆ ಹೇಳುತ್ತಾರೆ:

“ಇಷ್ಟು ವರ್ಷ ಮಾಡಿದ್ದೆಲ್ಲ ಯಾರಿಗೂ ಕಾಣ್ಬಾರ್ದು ಅಂತಲೇ ಮಾಡಿದೆ. ಇದೊಂದು ಕಾಣ್ಲಿ ಅಂತ ಮಾಡಿದೆ. ಕಾಣಿಸ್ತು.”