ನ್ಜ್ವಾನಿ ಗಂಟಲು

ಶಮ್ಸಿಯಾಳಿಗೆ ನಮ್ಮೂರಿನಲ್ಲಿ ಎರಡು ಹೆಸರಿದ್ದವು. ಎದುರಿಗೆ ಸಿಕ್ಕರೆ ಇನ್ಸಾನ ಹೆಂಡತಿ, ಬೆನ್ನು ತಿರುಗಿಸಿದರೆ ನ್ಜ್ವಾನಿ ಗಂಟಲು. ಎರಡನೆಯದು ಬೈಗುಳವೆಂದು ಅವಳಿಗೆ ಗೊತ್ತಿತ್ತು. ಆದರೂ ಯಾರಾದರೂ ಬಾಯಿ ತಪ್ಪಿ ಹಾಗೆ ಕರೆದುಬಿಟ್ಟರೆ, "ಹೌದು, ಗಂಟಲು ಅಲ್ಲೀದೇ. ನಿಮ್ಮ ಈ ದ್ವೀಪದಲ್ಲಿ ಬೆಳೆದಿದ್ರೆ ಇಷ್ಟೊತ್ತಿಗೆ ಕಪ್ಪೆ ಥರ ವಟಗುಟ್ತಿತ್ತು" ಎನ್ನುತ್ತಿದ್ದಳು.

ಮೋಡವಿಲ್ಲದ ದಿನ ನಮ್ಮ ಮಾವೊರೆ ದ್ವೀಪದ ಗುಡ್ಡ ಹತ್ತಿದರೆ ನ್ಜ್ವಾನಿ ದ್ವೀಪ ಕಣ್ಣಿಗೇ ಕಾಣುತ್ತದೆ. ಅವರ ಮಾತು ನಮ್ಮದೇ, ನಮಾಜು ನಮ್ಮದೇ, ಮದುವೆಯಲ್ಲಿ ಹೆಣ್ಣಿನ ಮುಖಕ್ಕೆ ಬಳಿಯುವ ಗಂಧವೂ ನಮ್ಮದೇ. ಫ್ರೆಂಚರು ಹೊರಡುವ ಕಾಲ ಬಂದಾಗ ಆ ದ್ವೀಪದವರು ಹೋಗಿ ಎಂದರು, ನಾವು ಇರಿ ಎಂದೆವು. ಅವರದು ಬೇರೆ ದೇಶವಾಯಿತು. ನಮ್ಮದು ಮಯೋತ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ತುಂಡಾಗಿ ಉಳಿಯಿತು.

ಶಮ್ಸಿಯಾ ಬಂದದ್ದು ಇನ್ನೂ ವೀಸಾ ಕೇಳದ ಕಾಲದಲ್ಲಿ, ಸರಕಿನ ದೋಣಿಯಲ್ಲಿ, ಲವಂಗದ ಮೂಟೆಗಳ ಮೇಲೆ ಕೂತು. ಮೂಟೆ ಇಳಿಸಲು ಹೋದ ಇನ್ಸಾ ಅವಳನ್ನೂ ಇಳಿಸಿಕೊಂಡು ಬಂದ. ಅವನಿಗಾಗಲೇ ಒಬ್ಬ ಹೆಂಡತಿಯಿದ್ದಳು. ಊರಿಗೆ ಅದೇನೂ ದೊಡ್ಡ ಸುದ್ದಿಯಲ್ಲ. ಎರಡನೆಯವಳು ನ್ಜ್ವಾನಿಯವಳು ಎನ್ನುವುದೇ ಸುದ್ದಿ.

ಇನ್ಸಾನ ಅಕ್ಕ ಬಹ್ಯಾತಿ ಅಂದೇ ಅಂಗಳಕ್ಕೆ ಬಂದು ನಿಂತಳು.

"ಇಡೀ ದ್ವೀಪದಲ್ಲಿ ಒಂದು ಹೆಣ್ಣು ಸಿಗಲಿಲ್ವೇನೋ ನಿಂಗೆ? ಅವರನ್ನ ಓಡಿಸೋಕೆ ನಾನು ಬೆರಳು ಸವೆಸ್ದೆ. ನೀನು ಕೈ ಹಿಡ್ಕೊಂಡು ಕರ್ಕೊಂಡ್ ಬಂದಿದ್ದೀಯ."

ಬೆರಳು ಸವೆಸಿದೆ ಎಂದದ್ದು ಬರೀ ಮಾತಲ್ಲ. ಬಹ್ಯಾತಿಯ ಹರೆಯದಲ್ಲಿ ನಮ್ಮನ್ನೂ ತಮ್ಮ ಜೊತೆ ಸೇರಿಸಿಕೊಳ್ಳಲು ಆಚೆಯ ದ್ವೀಪಗಳಿಂದ ಮಂತ್ರಿಗಳೂ ಅಧಿಕಾರಿಗಳೂ ಬಂದಿಳಿದರೆ ನಮ್ಮ ಹೆಂಗಸರು ಗುಂಪಾಗಿ ಮುತ್ತಿಕೊಂಡು ಕಚಗುಳಿ ಇಡುತ್ತಿದ್ದರು. ಹೊಡೆದರೆ ಜೈಲು, ಕಚಗುಳಿಗೆ ಯಾವ ಕಾನೂನು? ದಪ್ಪ ಹೊಟ್ಟೆಯ ಅಧಿಕಾರಿಗಳು ನಕ್ಕು ನಕ್ಕು, ಉಸಿರು ಸಿಕ್ಕಿಕೊಂಡು, ಬಂದ ದೋಣಿಯಲ್ಲೇ ವಾಪಸ್ಸಾಗುತ್ತಿದ್ದರು. ಆ ಗುಂಪಿನಲ್ಲಿ ಬಹ್ಯಾತಿಯೇ ಮುಂದಾಳು. ಒಂದು ಸಲ ಮಾತ್ರ ಆಚೆಯಿಂದ ಬಂದ ಸಿಪಾಯಿಯೊಬ್ಬ ನಗಲಿಲ್ಲ. ಬಂದೂಕಿನ ಹಿಡಿಯಿಂದ ಅವಳ ತಂಗಿಯ ಮೊಣಕಾಲು ಮುರಿದ. ಆ ತಂಗಿ ಸಾಯುವವರೆಗೂ ಕುಂಟಿದಳು. ಸಿಪಾಯಿ ನ್ಜ್ವಾನಿಯವನು.

ಇಷ್ಟೆಲ್ಲ ಗೊತ್ತಿಲ್ಲದ ಹೊಸ ಹೆಂಡತಿ ಗಂಡನ ಹಿಂದೆ ಅಡಗಿಕೊಳ್ಳಲಿಲ್ಲ. "ಬೆರಳು ಸವೆದಿದ್ರೆ ಚೆನ್ನಾಗಿ ಊಟ ಮಾಡಿ ಅತ್ತಿಗೆ, ಮತ್ತೆ ಬೆಳೆಯುತ್ತೆ" ಎಂದಳು.

ಅಲ್ಲಿಂದ ಮೂವತ್ತು ವರ್ಷ ಅವರಿಬ್ಬರೂ ಒಬ್ಬರಿಗೊಬ್ಬರು ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೂ ವಾರಕ್ಕೆರಡು ಸಂಜೆ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು. ಅದಕ್ಕೆ ಕಾರಣ ದೆಬಾ.

ದೆಬಾ ಎಂದರೆ ಹೆಂಗಸರು ಒಂದೇ ಬಣ್ಣದ ಸಲುವಾ ಸುತ್ತಿಕೊಂಡು, ಸಾಲಾಗಿ ನಿಂತು, ಪ್ರವಾದಿಯ ಸ್ತುತಿಯನ್ನು ಅರಬ್ಬಿಯಲ್ಲಿ ಹಾಡುವುದು. ಕೈ, ಕತ್ತು, ಹೆಗಲು ಎಲ್ಲರದೂ ಒಟ್ಟಿಗೆ ಬಾಗಬೇಕು. ಹಿಂದಿನ ಸಾಲಿನಲ್ಲಿ ತಮಟೆ. ಅದನ್ನು ಬಡಿಯುತ್ತಿದ್ದವರಲ್ಲಿ ನಾನೂ ಒಬ್ಬಳು. ಊರೂರಿಗೂ ಒಂದು ಮೇಳ, ಊರೂರಿಗೂ ಹಟ, ವರ್ಷಕ್ಕೊಮ್ಮೆ ಸ್ಪರ್ಧೆ. ಬಹ್ಯಾತಿ ಕಟ್ಟಿದ ನಮ್ಮ ಮೇಳದಲ್ಲಿ ಸಲುವಾ ಚೆನ್ನಾಗಿತ್ತು, ಸಾಲು ನೆಟ್ಟಗಿತ್ತು, ಮುಂದೆ ನಿಂತು ಹಾಡುವ ದನಿ ಇರಲಿಲ್ಲ. ಶಮ್ಸಿಯಾಳ ಅಪ್ಪ ಖುರಾನು ಕಲಿಸುವ ಗುರು. ಅವಳು ಅಂಗಳ ಗುಡಿಸುತ್ತ ಹಾಡಿಕೊಂಡರೂ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಎರಡು ವರ್ಷ ಸತತ ಸೋತ ಮೇಲೆ ಬಹ್ಯಾತಿಯೇ ಅವಳ ಬಾಗಿಲಿಗೆ ಹೋದಳು.

"ನಿನ್ನ ಗಂಟಲು ಮಾತ್ರ ಬೇಕು. ಮಿಕ್ಕಿದ್ದನ್ನ ಮನೇಲಿ ಬಿಟ್ಟು ಬಾ."

"ಮಿಕ್ಕಿದ್ದೂ ಜೊತೆಗೇ ಬರುತ್ತೆ ಅತ್ತಿಗೆ. ಬೇಕಾದ್ರೆ ಕರೀರಿ, ಬೇಡದಿದ್ರೆ ಹಾಗೇ ಸೋಲ್ತಾ ಇರಿ."

ಬಂದಳು. ನಾವು ಗೆಲ್ಲತೊಡಗಿದೆವು. ಅವಳ ಕಾಟವೂ ಶುರುವಾಯಿತು. ಯಾರದಾದರೂ ಅರಬ್ಬಿ ಉಚ್ಚಾರ ತಪ್ಪಿದರೆ ಎಲ್ಲರೆದುರೇ ಮಾನ ಕಳೆಯುತ್ತಿದ್ದಳು. "ನಿಮಗೆ ಅಲಿಫ್ ಕಲ್ಸಿದ್ದೇ ನಮ್ಮ ಅಪ್ಪ ಅಜ್ಜಂದಿರು. ಅವರು ದೋಣಿ ಹತ್ತಿ ಬರದೇ ಇದ್ದಿದ್ರೆ ಇನ್ನೂ ಬಾಳೆಗಿಡಕ್ಕೆ ಕೈ ಮುಗೀತಿದ್ರಿ" ಎನ್ನುವಳು. ಹೆಂಗಸರು ಹಲ್ಲು ಕಚ್ಚಿ ಹಾಡುತ್ತಿದ್ದರು. ಹಲ್ಲು ಕಚ್ಚಿ ಹಾಡಿದ್ದಕ್ಕೋ ಏನೋ, ಹಾಡು ಚೆನ್ನಾಗಿಯೇ ಬರುತ್ತಿತ್ತು.

ಅವಳಿಗೆ ಒಬ್ಬಳೇ ಮಗಳು, ನಫ್ವಾಂತಿ. ಇಲ್ಲೇ ಹುಟ್ಟಿದವಳು, ಅಪ್ಪ ಇಲ್ಲಿಯವನು, ಹಾಗಾಗಿ ಫ್ರೆಂಚಳು. ಇನ್ಸಾ ನಮ್ಮ ಕಟ್ಟಳೆಯಂತೆ ಮಗಳ ಹೆಸರಿಗೆ ಸಿಮೆಂಟಿನ ಮನೆ ಕಟ್ಟಿಸಿಕೊಟ್ಟ. ಶಮ್ಸಿಯಾ ಮಾತ್ರ ಗುಡ್ಡದ ಬುಡದ ತಗಡಿನ ಮನೆಯಲ್ಲೇ ಉಳಿದಳು. ಅದಿದ್ದ ಜಾಗ ಇನ್ಸಾ ಸತ್ತ ಮೇಲೆ ಬಹ್ಯಾತಿಯ ಪಾಲಿಗೆ ಬಂತು. ಶಮ್ಸಿಯಾಳ ವಾಸದ ಕಾರ್ಡಿನ ಅವಧಿಯೂ ಮುಗಿಯಿತು. ಮಾಡಿಸಿಕೋ ಎಂದು ಮಗಳು ನೂರು ಸಲ ಹೇಳಿದಳು.

"ನನ್ನ ಗಂಡನ ಊರಲ್ಲಿ ಇರೋಕೆ ನಾನ್ಯಾಕೆ ಬಿಸಿಲಲ್ಲಿ ಸಾಲು ನಿಲ್ಲಲಿ?" ಎಂದಳು ಶಮ್ಸಿಯಾ. ನಿಲ್ಲಲಿಲ್ಲ.

ಅಷ್ಟರಲ್ಲಿ ಕಾಲ ಕೆಟ್ಟಿತ್ತು. ಕಳ್ಳದೋಣಿಗಳಲ್ಲಿ ಆಚೆಯವರು ಬರುತ್ತಲೇ ಇದ್ದರು, ಅರ್ಧ ದಾರಿಯಲ್ಲಿ ಮುಳುಗುತ್ತಲೂ ಇದ್ದರು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಶಾಲೆಯಲ್ಲಿ ಬೆಳಗಿನ ಪಾಳಿ ಸಂಜೆಯ ಪಾಳಿ, ನಲ್ಲಿಯಲ್ಲಿ ನೀರಿಲ್ಲ. ನೀರು ಬರದಿದ್ದರೂ ನ್ಜ್ವಾನಿಯವರೇ ಕಾರಣ, ಕೋಳಿ ಕಾಣೆಯಾದರೂ ಅವರೇ. ನಮ್ಮಲ್ಲಿ ಯಾರ ಮನೆಯ ತಗಡು ಎತ್ತಿದರೂ ಕೆಳಗೊಬ್ಬ ನ್ಜ್ವಾನಿಯ ಅಜ್ಜಿ ಸಿಗುತ್ತಾಳೆ. ಆದರೆ ಆ ವರ್ಷ ಯಾರಿಗೂ ತಮ್ಮ ಅಜ್ಜಿಯ ನೆನಪಿರಲಿಲ್ಲ.

ಪಕ್ಕದ ಊರುಗಳಲ್ಲಿ ಸಮಿತಿಗಳು ಹುಟ್ಟಿಕೊಂಡು ನ್ಜ್ವಾನಿಯವರ ಮನೆಗಳನ್ನು ಕೀಳತೊಡಗಿದವು. ನಮ್ಮೂರಲ್ಲೂ ಸಭೆ ಸೇರಿತು. ಬಹ್ಯಾತಿಗೆ ಆಗ ಎಪ್ಪತ್ತು ದಾಟಿತ್ತು. ಅವಳು ಎದ್ದು ನಿಂತಳು, ಧ್ವನಿವರ್ಧಕವನ್ನೂ ಕೇಳಲಿಲ್ಲ.

"ಅವರೇ ಸ್ವಾತಂತ್ರ್ಯ ಬೇಕು ಅಂತ ಕುಣಿದೋರು. ಸಿಕ್ತು. ಉಣ್ಣೋಕೆ ಆಗಲಿಲ್ಲ. ಆಮೇಲೆ ಅವರೇ ಫ್ರೆಂಚ್ ಬಾವುಟ ಎತ್ಕೊಂಡು ನಮ್ಮನ್ನೂ ಸೇರಿಸ್ಕೊಳ್ಳಿ ಅಂತ ಅತ್ತರು. ಈಗ ನಮ್ಮ ಅಡುಗೆಮನೆಗೇ ಬಂದು ಕೂತಿದ್ದಾರೆ. ಭಾನುವಾರದೊಳಗೆ ಹೊರಟರೆ ಸರಿ, ಇಲ್ದಿದ್ರೆ ನಾವೇ ಕಳಿಸ್ತೀವಿ. ಅವರನ್ನ ಜಗಲಿ ಮೇಲೆ ಕೂರಿಸ್ಕೊಂಡೋರ ಮನೆಗೂ ಅದೇ ಗತಿ."

"ಶಮ್ಸಿಯಾಕ್ಕನೂ ಹೋಗ್ಬೇಕಾ?" ಎಂದು ನಾನು ಕೇಳಿದೆ.

"ಅವಳು ಎಲ್ಲಿಯೋಳು? ಚಂದ್ರನ ಮೇಲಿಂದ ಬಂದಳಾ?"

ಸಭೆಯಲ್ಲಿ ಎಲ್ಲರೂ ನಕ್ಕರು. ನಫ್ವಾಂತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ನಗಲಿಲ್ಲ.

ಭಾನುವಾರ ಬೆಳಿಗ್ಗೆ ಜನ ಹೊರಟರು. ಮುಂದೆ ಬಾವುಟ, ಹಿಂದೆ ಹಾರೆ, ಸುತ್ತಿಗೆ. ಅರ್ಧಕ್ಕರ್ಧ ನಮ್ಮ ಮೇಳದ ಹೆಂಗಸರೇ. ಗುಡ್ಡದ ಬುಡದ ಬಹಳಷ್ಟು ಮನೆಗಳು ಆಗಲೇ ಖಾಲಿಯಾಗಿದ್ದವು. ಶಮ್ಸಿಯಾ ಮಾತ್ರ ಬಾಗಿಲ ಮುಂದೆ ಒಲೆ ಹಚ್ಚಿ, ದಿನವೂ ಮಾರುವಂತೆ ಬಾಳೆಕಾಯಿ ಕರಿಯುತ್ತ ಕೂತಿದ್ದಳು. ಸ್ವಲ್ಪ ದೂರದಲ್ಲಿ ಇಬ್ಬರು ಪೊಲೀಸರು ಜೀಪಿಗೆ ಒರಗಿ ನಿಂತಿದ್ದರು.

"ಏಳು" ಎಂದಳು ಬಹ್ಯಾತಿ.

"ಎಣ್ಣೆ ಕಾದಿದೆ. ಈ ಸುತ್ತು ಮುಗೀಲಿ."

"ಜಾಗ ನಂದು."

"ಜಾಗ ನಿಮ್ಮದು. ತಗಡು ನನ್ನ ಗಂಡಂದು. ನಿಮ್ಮ ತಾಯಿಯ ತಾಯಿ ಯಾವೂರೋಳು ಅತ್ತಿಗೆ? ಅವಳ ಅಪ್ಪನ ಗೋರಿ ನ್ಜ್ವಾನಿಯ ನಮ್ಮ ದೊಮೋನಿ ಊರಲ್ಲಿದೆ, ಚಿಕ್ಕವಳಿದ್ದಾಗ ನಾನು ಅದರ ಮೇಲೆ ಕುಂಟೆಬಿಲ್ಲೆ ಆಡಿದ್ದೀನಿ. ಅವಳನ್ನೂ ಅಗೆದು ದೋಣಿ ಹತ್ತಿಸ್ತೀರಾ?"

"ಅವಳು ಬಂದದ್ದು ಸುಲ್ತಾನರ ಕಾಲದಲ್ಲಿ."

"ಸುಲ್ತಾನರು ಕಾರ್ಡು ಕೊಡ್ತಿದ್ರಾ?"

ಯಾರೋ ಹಿಂದಿನಿಂದ ಕಿಸಕ್ಕೆಂದರು. ಬಹ್ಯಾತಿಯ ಮುಖ ಕಪ್ಪಿಟ್ಟಿತು. ಕೈ ಬೀಸಿದಳು. ಗಂಡಸರು ತಗಡಿಗೆ ಹಾರೆ ಹಾಕಿದರು. ಮೊಳೆ ಕೀಳುವ ಸದ್ದಿಗೆ ಬೇರೆ ಮಾತು ಕೇಳದಂತಾಯಿತು. ಪಾತ್ರೆ, ಚಾಪೆ, ತಗಡಿನ ಪೆಟ್ಟಿಗೆ ಒಂದೊಂದೇ ಹೊರಬಂದವು. ಪೆಟ್ಟಿಗೆ ಬಾಯಿ ತೆರೆದು ಬಿತ್ತು. ಮೇಲೆಯೇ ಮೇಳದ ಸಲುವಾ, ಹಳದಿ ಅಂಚಿನ ನೇರಳೆ ಬಣ್ಣದ್ದು.

"ಅದನ್ನ ಕೊಡು. ಅದು ಊರಿನದು" ಎಂದಳು ಬಹ್ಯಾತಿ.

ಶಮ್ಸಿಯಾ ಎದ್ದಳು. ಸಲುವಾವನ್ನು ಎತ್ತಿಕೊಂಡು, ಮಡಿಕೆ ಬಿಡಿಸಿ ಒಮ್ಮೆ ನೋಡಿದಳು. ಬಾಣಲೆ ಇಳಿಸಿ ಆ ಬಟ್ಟೆಯಿಂದಲೇ ಅದರ ಮಸಿ ಒರೆಸಿದಳು. ಮತ್ತೆ ಮುದ್ದೆ ಮಾಡಿ ಒಲೆಗೆ ತುರುಕಿದಳು. ಎಣ್ಣೆ ಹಿಡಿದಿದ್ದ ಬಟ್ಟೆ ಭುಗಿಲೆಂದಿತು. ಅಷ್ಟು ಹೊತ್ತು ಸುಮ್ಮನಿದ್ದ ಮೇಳದ ಹೆಂಗಸರು ಆಗ ಬಾಯಿಗೆ ಬಂದಂತೆ ಬಯ್ದರು. ಮನೆ ಕೀಳುವಾಗ ಇಲ್ಲದ ಸಿಟ್ಟು ಬಟ್ಟೆಗೆ ಬಂತು.

ಅವಳು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನೇರವಾಗಿ ಮಗಳ ಮನೆಗೆ ನಡೆದಳು. ನಾವೆಲ್ಲ ಹಿಂದೆ. ನಫ್ವಾಂತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಇಬ್ಬರು ಮಕ್ಕಳು ಕಿಟಕಿಯಿಂದ ನೋಡುತ್ತಿದ್ದರು.

"ಅಮ್ಮಾ, ಒಳಗೆ ಬರ್ಬೇಡ."

"ಆಚೆ ಸರಿ, ದಾರಿ ಬಿಡು, ತಲೆ ಮೇಲೆ ಭಾರ ಇದೆ."

"ಅತ್ತೆ ಹೇಳಿದ್ದು ಕೇಳಿಸ್ಲಿಲ್ವಾ? ಈ ಮನೇನೂ ಕೀಳ್ತಾರೆ. ನಂಗೆ ಮಕ್ಕಳಿದ್ದಾರೆ. ಕಾರ್ಡು ಮಾಡಿಸ್ಕೋ ಅಂತ ಎಷ್ಟು ಬಡ್ಕೊಂಡೆ ನಾನು!"

"ನನ್ನ ಹೊಟ್ಟೇಲಿ ಇದ್ದಾಗ ನಿಂಗೆ ಯಾವ ಕಾರ್ಡಿತ್ತೇ?"

ನಫ್ವಾಂತಿ ಅತ್ತಳು. ಅಳುತ್ತಲೇ ಬಾಗಿಲು ಹಾಕಿ ಚಿಲಕ ಸರಿಸಿದಳು. ಆ ಸದ್ದು ಎಲ್ಲರಿಗೂ ಕೇಳಿಸಿತು. ಶಮ್ಸಿಯಾ ಹೊಸ್ತಿಲ ಮೇಲೆ ಉಗಿದು, ಹಿಂತಿರುಗಿ ನೋಡದೆ ರಸ್ತೆಗೆ ಇಳಿದಳು.

ಪಟ್ಟಣದ ಚೌಕದಲ್ಲಿ ಹೀಗೆ ಮನೆ ಕಳೆದುಕೊಂಡವರು ನೂರಾರು ಮಂದಿ ಟಾರ್ಪಾಲು ಕಟ್ಟಿಕೊಂಡಿದ್ದರು. ಒಂದು ಪಾತ್ರೆ ಅನ್ನ ಹಿಡಿದು ನಾನು ನೋಡಲು ಹೋದಾಗ ಅವಳು ನಲ್ಲಿಯ ಹತ್ತಿರ ಜಗಳದಲ್ಲಿದ್ದಳು. ಎದುರಾಳಿ ಅವಳ ದ್ವೀಪದವಳೇ, ಕಂಕುಳಲ್ಲಿ ಕೂಸು.

"ಕಳ್ಳದೋಣೀಲಿ ಬಂದೋರು ಕೊನೇಲಿ ನಿಲ್ಲಬೇಕು. ನಾನು ವೀಸಾ ಇಲ್ಲದ ಕಾಲದೋಳು" ಎಂದು ಇವಳು ಕಿರುಚುತ್ತಿದ್ದಳು.

ನನ್ನನ್ನು ಕಂಡು ಬಿಂದಿಗೆ ಇಳಿಸಿದಳು. "ಏನೇ, ತಮಟೆಯೋಳು ಬಂದ್ಯಾ? ಮುಂದೆ ನಿಂತು ಹಾಡೋಕೆ ಯಾರಿದ್ದಾರೆ ಈಗ? ಬಹ್ಯಾತಿ ಸಿಪಾಯಿಗೆ ಕಚಗುಳಿ ಇಟ್ಟ ಹಾಗೆ ಅರಬ್ಬಿಗೂ ಕಚಗುಳಿ ಇಡ್ತಾಳಾ?" ಅನ್ನವನ್ನು ಮಾತ್ರ ತೆಗೆದುಕೊಂಡಳು. ಪಾತ್ರೆ ತೊಳೆಯದೆ ಹಿಂದಕ್ಕೆ ಕೊಟ್ಟಳು.

ಕೆಲವು ವಾರಗಳಲ್ಲಿ ಚೌಕ ಖಾಲಿ ಮಾಡಿಸಿದರು. ಕಾಗದ ಇದ್ದವರು ಉಳಿದರು, ಇಲ್ಲದವರನ್ನು ಹಡಗು ಹತ್ತಿಸಿದರು. ಲವಂಗದ ಮೂಟೆಯ ಮೇಲೆ ಬಂದವಳು ಪೊಲೀಸರ ಕಾವಲಿನಲ್ಲಿ ಹೋದಳು.

ಮೇಳ ನಿಲ್ಲಲಿಲ್ಲ. ಬಹ್ಯಾತಿ ನಫ್ವಾಂತಿಯನ್ನು ಮುಂದೆ ನಿಲ್ಲಿಸಿದಳು. ತಾಯಿಯ ದನಿಯೇ, ತಾಯಿಯ ಉಚ್ಚಾರವೇ. "ಈಗ ಪೂರ್ತಿ ಮಾವೊರೆಯ ಗಂಟಲು" ಎಂದು ಬಹ್ಯಾತಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಆ ವರ್ಷವೂ ನಾವೇ ಗೆದ್ದೆವು. ಗೆದ್ದ ದಿನ ನಫ್ವಾಂತಿ ಯಾರ ಜೊತೆಗೂ ಊಟಕ್ಕೆ ಕೂರಲಿಲ್ಲ.

ಎರಡು ವರ್ಷದ ಮೇಲೆ ನನ್ನ ಚಿಕ್ಕಮ್ಮನ ಮಗಳ ಮದುವೆಗೆ ನಾನು ನ್ಜ್ವಾನಿಗೆ ಹೋದೆ. ಅಲ್ಲಿಗೆ ಹೋಗಲು ನನಗೆ ಯಾವ ತೊಡಕೂ ಇಲ್ಲ. ನಫ್ವಾಂತಿ ಒಂದು ಚೀಲ ಬಟ್ಟೆ, ಔಷಧಿ ಕೊಟ್ಟು ಕಳಿಸಿದ್ದಳು.

ಶಮ್ಸಿಯಾಳ ತಾಯಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಆ ಫ್ರೆಂಚಳ ಮನೆಯಾ?" ಎಂದು ಎಲ್ಲರೂ ಬೆರಳು ತೋರಿಸಿದರು. ಎದುರುಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಗಂಟುಮೂಟೆಗಳ ನಡುವೆ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳು ಶಮ್ಸಿಯಾಳ ತಂಗಿ ಮಾರ್ದಿಯಾ. ತಾಯಿಯನ್ನು ಕೊನೆಯವರೆಗೂ ನೋಡಿಕೊಂಡವಳು, ಆ ಮನೆಗೆ ಹೊಸ ಮಾಡು ಹಾಕಿಸಿದವಳು, ಮಕ್ಕಳನ್ನೆಲ್ಲ ಅಲ್ಲೇ ಹೆತ್ತವಳು. ಆದರೆ ತಾಯಿಯ ಮನೆ ಹಿರಿಯ ಮಗಳದು ಎನ್ನುವುದು ನಮ್ಮೆಲ್ಲ ದ್ವೀಪಗಳ ಕಟ್ಟಳೆ. ಹಡಗಿನಿಂದ ಇಳಿದ ಶಮ್ಸಿಯಾ ಖಾಜಿಯ ಬಳಿ ಹೋದಳು. ಖಾಜಿ ಕಟ್ಟಳೆಯನ್ನೇ ಓದಿ ಹೇಳಿದ. ತಂಗಿಗೆ ಒಂದು ಕೋಣೆಯನ್ನೂ ಬಿಡದೆ ಶಮ್ಸಿಯಾ ಹೊರಗೆ ಹಾಕಿದಳು.

ಮಾರ್ದಿಯಾ ನನ್ನ ಸಲುವಾದ ಕಟ್ಟು ನೋಡಿಯೇ ಗುರುತು ಹಿಡಿದಳು. "ಮಾವೊರೆಯೋಳಾ ನೀನು? ಅವಳನ್ನ ಯಾಕಮ್ಮಾ ಓಡಿಸಿದ್ರಿ? ಅಲ್ಲೇ ಇಟ್ಕೋಬಾರ್ದಿತ್ತಾ? ನಿಮ್ಮೂರಿನ ಪೀಡೆ ತಂದು ನಮ್ಮ ತಲೆಗೆ ಕಟ್ಟಿದ್ರಲ್ಲ!"

ಒಳಗೆ ಶಮ್ಸಿಯಾ ಚೀಲ ಬಿಚ್ಚಿದಳು. ಔಷಧಿ ತೆಗೆದಿಟ್ಟುಕೊಂಡಳು. ಬಟ್ಟೆಗಳನ್ನು ಮುಟ್ಟಲಿಲ್ಲ. "ವಾಪಸ್ ತಗೊಂಡೋಗು. ಬಾಗಿಲು ಹಾಕೋಕೆ ಬಂದ ಕೈ ಬಟ್ಟೆ ಕೊಡೋಕೂ ಬಂತಾ?"

ಅವಳು ತುಂಬ ಬಡವಾಗಿದ್ದಳು. ದನಿ ಮಾತ್ರ ಹಾಗೇ ಇತ್ತು.

"ಅಕ್ಕಾ, ತಂಗಿಗೆ ಒಂದು ಮೂಲೆ ಆದ್ರೂ ಕೊಡಬಹುದಿತ್ತು" ಎಂದೆ.

"ಯಾಕೆ? ಮನೆ ನಂದು. ಖಾಜಿ ಹೇಳಿದ್ದಾನೆ."

"ಜಾಗ ನಂದು ಅಂತ ಬಹ್ಯಾತಿಯಮ್ಮನೂ ಹೀಗೇ ಹೇಳಿದ್ರು."

ಅವಳು ನನ್ನನ್ನು ದಿಟ್ಟಿಸಿದಳು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ.

"ಬಹ್ಯಾತಿಗೆ ಮನೆ ಇತ್ತು ಕಣೇ. ಇದ್ದೂ ನಂದನ್ನ ಕಿತ್ತಳು. ನಂಗೆ ಇರಲಿಲ್ಲ. ಎಲ್ಲಿಗೆ ಹೋಗ್ಲಿ ನಾನು, ಸಮುದ್ರಕ್ಕಾ?" ಔಷಧಿಯನ್ನು ಎತ್ತಿಡುತ್ತ, "ಇಲ್ಲಿ ನನ್ನ ಮಾತು ಕೇಳಿ ನಗ್ತಾರೆ. ಮಾವೊರೆಯ ರಾಗ ಹತ್ಕೊಂಡಿದೆಯಂತೆ" ಎಂದಳು.

ಹೊರಗಿನಿಂದ ಮಾರ್ದಿಯಾ, "ಫ್ರೆಂಚಳೇ, ನಿನ್ನ ಬಾಗಿಲಿಗೆ ಹಾವು ಬರ್ಲಿ!" ಎಂದು ಕೂಗಿದಳು. ದಿನವೂ ನಡೆಯುವ ಕೂಗೆಂದು ಕಾಣುತ್ತದೆ, ಬೀದಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಶಮ್ಸಿಯಾ ಎದ್ದು ಕಿಟಕಿಗೆ ಹೋಗಿ, ಅದಕ್ಕೆ ತಕ್ಕ ಉತ್ತರ ಕೊಡಲು ಉಸಿರು ತುಂಬಿಕೊಂಡಳು. ನಾನು ಚಪ್ಪಲಿ ಮೆಟ್ಟಿಕೊಂಡು, ಬಟ್ಟೆಯ ಚೀಲ ಹಿಡಿದು ಹೊರಬಿದ್ದೆ. ಹೋಗುವಾಗ ಚೀಲವನ್ನು ಮಾರ್ದಿಯಾಳ ಮುಂದೆ ಇಟ್ಟೆ. ಅವಳು ಬೇಡವೆನ್ನಲಿಲ್ಲ.