ತಮ್ಮ ಹೆಸರನ್ನೇ ಮೊದಲು ಬರೆದ ಓನರಮ್ಮ

ಐದಡಿಯೂ ಇಲ್ಲದ ನಮ್ಮ ಓನರಮ್ಮ ಯಾವ ಬಾಗಿಲು ದಾಟುವಾಗಲೂ ತಲೆ ತಗ್ಗಿಸುತ್ತಿದ್ದರು. ಗೋವಿಂದರಾಜನಗರದ ಆ ಮನೆಯ ಬಾಗಿಲು ಏಳಡಿ ಎತ್ತರ. ಆದರೂ ಕತ್ತು ಬಾಗಿಸಿಯೇ ಒಳಗೆ ಬರುವರು. ಸಂಜೆ ಗೇಟಿಗೆ ಬೀಗ ಹಾಕುವ ಮೊದಲು ಮೂರು ಬಾಡಿಗೆ ಮನೆಯವರನ್ನೂ ಎಣಿಸುತ್ತಿದ್ದರು. ಒಬ್ಬರು ಕಮ್ಮಿಯಾದರೂ ಮೆಟ್ಟಿಲ ಮೇಲೆ ಕಾದು ಕೂರುವರು. ಈ ಮುದುಕಿ ತಲೆ ತಿನ್ನುತ್ತಾಳೆ ಎಂದು ನಾನು ಬೈದುಕೊಂಡದ್ದುಂಟು.

ಅವರಿಗೆ ನಾನೊಂದು ಸುಳ್ಳು ಹೇಳಿದ್ದೆ. ನನ್ನ ತಮ್ಮ ಹೊಸೂರಿನಲ್ಲಿ ಕೆಲಸದಲ್ಲಿದ್ದಾನೆ ಎಂದಿದ್ದೆ. ಅವನಿದ್ದದ್ದು ಜೈಲಿನಲ್ಲಿ. ಡೆಲಿವರಿಗೆ ಹೋದ ಕಡೆ ಮೊಬೈಲು ಕಳುವಾಯಿತೆಂದು ಅವನನ್ನು ಹಿಡಿದು ಹದಿನಾಲ್ಕು ತಿಂಗಳಾಗಿದ್ದರೂ ವಿಚಾರಣೆ ಶುರುವೇ ಆಗಿರಲಿಲ್ಲ. ಒಂದು ಸೋಮವಾರ ಅವನನ್ನು ನೋಡಿಕೊಂಡು ಬಂದೆ. ಮೆಟ್ಟಿಲ ಬಳಿ ಓನರಮ್ಮ ನನ್ನ ಕೈ ಹಿಡಿದು ತಿರುಗಿಸಿದರು. ಭೇಟಿಗೆ ಹೋದವರ ಮಣಿಕಟ್ಟಿಗೆ ಒತ್ತುವ ಮೊಹರು, ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಮನೆ ಖಾಲಿ ಮಾಡಿ ಅನ್ನುತ್ತಾರೆ ಎಂದು ಹೆದರಿ ಕೈ ಎಳೆದುಕೊಂಡೆ.

“ಎಷ್ಟ್ ದಿನ ಆಯ್ತಮ್ಮ ಒಳಗೆ?” ಎಂದರು.

ಆಗ ತಿಳಿಯಿತು, ಅವರು ಅದೇ ಜೈಲಿನ ಹೆಂಗಸರ ವಿಭಾಗದಲ್ಲಿ ಮೂವತ್ತು ವರ್ಷ ವಾರ್ಡರ್ ಆಗಿದ್ದವರು. ಅಲ್ಲಿನ ಗಿಡ್ಡ ಬಾಗಿಲು ಅವರ ಕತ್ತಿಗೆ ಆ ಅಭ್ಯಾಸ ಹಿಡಿಸಿತ್ತು. ಪ್ರತಿ ಕೈದಿಗೂ ಒಂದು ಚೀಟಿ ಇರುತ್ತದೆ, ಕೋರ್ಟಿನ ಮುಂದಿನ ತಾರೀಖು ಅದರಲ್ಲಿರಬೇಕು, ಕೇಳಿಕೊಂಡು ಬಾ ಎಂದರು. ಮುಂದಿನ ಭೇಟಿಯಲ್ಲಿ ಕೇಳಿದೆ. ತಮ್ಮನ ಚೀಟಿಯಲ್ಲಿ ಹನ್ನೊಂದು ತಿಂಗಳಿಂದ ತಾರೀಖೇ ಇಲ್ಲ. ಕೊನೆಯ ಸಲ ಕೋರ್ಟಿಗೆ ಕರೆದೊಯ್ಯಲು ಪೊಲೀಸರು ಸಿಗಲಿಲ್ಲವಂತೆ. ಆಮೇಲೆ ಯಾರೂ ಬರೆದೇ ಇಲ್ಲ. ಮಾರೇನಹಳ್ಳಿಯ ನಮ್ಮ ವಕೀಲರು ನೋಡೋಣ ನೋಡೋಣ ಎನ್ನುತ್ತಲೇ ಕಾಲ ತಳ್ಳಿದ್ದರು. ಓನರಮ್ಮ ಕೆರಳಿದರು. ಮೊದಲ ಸಲ ಸಿಕ್ಕಿಬಿದ್ದವನು ಆಗಬಹುದಾದ ಶಿಕ್ಷೆಯ ಮೂರನೇ ಒಂದು ಪಾಲನ್ನು ಒಳಗೇ ಕಳೆದರೆ, ಅವನನ್ನು ಬಿಡಿ ಎಂದು ಜೈಲಿನವರೇ ಕೋರ್ಟಿಗೆ ಬರೆಯಬೇಕಂತೆ. ಈ ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ. ತಮ್ಮನ ಪಾಲು ಎರಡು ತಿಂಗಳ ಹಿಂದೆಯೇ ಮುಗಿದಿತ್ತು.

ಮರುದಿನ ನನ್ನನ್ನೂ ಕರೆದುಕೊಂಡು ಜೈಲಿನ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಹಿಂದೆ ಅವರ ಜೊತೆ ಕೆಲಸ ಮಾಡಿದವರು. ಕುರ್ಚಿ ಎಳೆದುಕೊಟ್ಟರು, ಕಾಫಿ ತರಿಸಿದರು, ನೋಡಿಕೊಳ್ಳುತ್ತೇನೆ ಎಂದರು. ಅದನ್ನೇ ಬರೆದುಕೊಡಿ ಎಂದು ಇವರು ಪಟ್ಟು ಹಿಡಿದು ಕೂತರು. ಅಧಿಕಾರಿಯ ದನಿ ತಗ್ಗಿತು.

“ಕೆದಕಬೇಡಿ ಮೇಡಂ. ನಿಮ್ ಕಾಲದ್ದೂ ಎದ್ದು ಬರುತ್ತೆ. ಪೆನ್ಷನ್ ತಗೊಂಡು ಆರಾಮಾಗಿರಿ.”

ಓನರಮ್ಮ ಕಾಫಿ ಮುಟ್ಟದೆ ಎದ್ದರು. ಎರಡು ದಿನ ನನ್ನ ಮುಖವನ್ನೇ ನೋಡಲಿಲ್ಲ. ಹೆದರಿ ಕೈಬಿಟ್ಟರು ಎಂದುಕೊಂಡೆ. ಅವರ ಮೇಲೆ ಸಿಟ್ಟು ಬಂತು, ತಮ್ಮನನ್ನು ನೆನೆದು ಅಳುವೂ ಬಂತು.

ಮೂರನೇ ದಿನ ಕರೆದು, ಕೋರ್ಟಿಗೆ ಕೊಡಲು ಬರೆದ ಅಫಿಡವಿಟ್ಟನ್ನು ಓದಲು ಕೊಟ್ಟರು. ತಮ್ಮನ ಸಂಗತಿ ಎರಡನೇ ಹಾಳೆಯಲ್ಲಿತ್ತು. ಮೊದಲ ಹಾಳೆಯಲ್ಲಿದ್ದದ್ದು ಅವರದೇ ಹೆಸರು. ತನ್ನ ಕಾವಲಿನಲ್ಲಿದ್ದ ಒಬ್ಬ ಹೆಂಗಸಿನ ಚೀಟಿಯೂ ಹೀಗೇ ಖಾಲಿಯಿತ್ತು, ನೋಡಿಯೂ ಮೇಲಿನವರಿಗೆ ತಿಳಿಸಲಿಲ್ಲ, ಆಕೆ ಮೂರು ವರ್ಷ ಸುಮ್ಮನೆ ಕೊಳೆತಳು ಎಂದು ಬರೆದಿದ್ದರು. ಇದೊಂದನ್ನು ತೆಗೆದುಬಿಡಿ, ನಿಮ್ಮನ್ನೇ ಹಿಡಿಯುತ್ತಾರೆ ಎಂದು ಗೋಗರೆದೆ.

“ಇರ್ಲಿ ಬಿಡಮ್ಮ. ನನ್ ಹೆಸ್ರು ಮೊದ್ಲು ಇದ್ರೆ, ಆ ಅಧಿಕಾರಿ ಹೆಸ್ರು ಬರೆಯೋಕೆ ಕೈ ನಡುಗಲ್ಲ.”

ನ್ಯಾಯಾಧೀಶರು ಅಧಿಕಾರಿಯನ್ನು ಕರೆಸಿ, ನಿಲ್ಲಿಸಿ ಕೇಳಿದರು. ಹದಿನೈದನೇ ತಿಂಗಳಲ್ಲಿ ತಮ್ಮ ಮುಚ್ಚಳಿಕೆ ಬರೆದುಕೊಟ್ಟು ಹೊರಬಂದ. ಇಲಾಖೆಯ ವಿಚಾರಣೆಗೆ ಅಧಿಕಾರಿಗೂ ನೋಟಿಸು ಬಂತು, ಓನರಮ್ಮನಿಗೂ ಬಂತು. ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಅವರು ಇಸ್ತ್ರಿ ಮಾಡಿದ ಸೀರೆ ತೆಗೆದಿಟ್ಟಿದ್ದರು. ಅದಕ್ಕೆ ಒಂದು ವಾರ ಇರುವಾಗ ಎದೆನೋವೆಂದು ಮಲಗಿದವರು ಏಳಲಿಲ್ಲ.

ವಿಚಾರಣೆಯ ದಿನ ನಾನು ಹೋದೆ. ದೂರು ಕೊಟ್ಟವರೇ ತೀರಿಕೊಂಡರಲ್ಲ, ಇಬ್ಬರದೂ ಮುಗಿದ ಹಾಗೆ ಎನ್ನುತ್ತ ಮೇಜಿನ ಆಚೆಗಿದ್ದವರು ಫೈಲಿಗೆ ದಾರ ಕಟ್ಟತೊಡಗಿದರು. ತಮ್ಮನ ವಿಷಯದಲ್ಲಿ ನೆಂಟರ ಮುಂದೆಯೂ ಬಾಯಿ ಮುಚ್ಚಿಕೊಂಡೇ ಬದುಕಿದ್ದವಳು ನಾನು. ಓನರಮ್ಮ ಬರೆದ ಆ ಮೊದಲ ಹಾಳೆಯನ್ನು ಓದಿರದಿದ್ದರೆ ನಾನು ಅಲ್ಲಿಂದ ಸುಮ್ಮನೆ ಎದ್ದು ಬರುತ್ತಿದ್ದೆ.

“ಅಧಿಕಾರಿದು ಮುಚ್ಚಬೇಡಿ ಸಾರ್. ಜೈಲಲ್ಲಿದ್ದ ಹುಡುಗನ ಅಕ್ಕ ನಾನು. ನನ್ ಹೆಸ್ರು ಬರ್ಕೊಳ್ಳಿ,” ಎಂದೆ.

ಅವರು ದಾರ ಬಿಚ್ಚಿದರು.